ವಿಶ್ವಕೋಶದಲ್ಲಿ ವೈದ್ಯದ ಜಗಳ
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಬಂದ ನಾವು ಮನೆದೇವರ ಪಟದೊಡನೆ ಅಜ್ಜಿಯ ಔಷಧದ ಪೊಟ್ಟಣಗಳನ್ನೂ ಕಟ್ಟಿಕೊಂಡು ಬಂದವರು. ಬಜೆ, ಒಣಶುಂಠಿ, ಅಳಲೆಕಾಯಿ ಇವು ಮುಂಬಯಿಯ ಒಂದೇ ಕೋಣೆಯ ಮನೆಯಲ್ಲಿಯೂ ತಮ್ಮ ಡಬ್ಬಿಯ ಜಾಗವನ್ನು ಬಿಟ್ಟುಕೊಟ್ಟಿಲ್ಲ. ಆದ್ದರಿಂದ, ವಿಕಿಪೀಡಿಯ ಎಂಬ ವಿಶ್ವಕೋಶದ ಇಂಗ್ಲಿಷ್ ಪುಟ ಆಯುರ್ವೇದವನ್ನು 'ಹುಸಿ ವಿಜ್ಞಾನ' ಎಂದಿದೆಯೆಂದು ಮಕ್ಕಳು ಓದಿ ಹೇಳಿದಾಗ ನಮ್ಮಲ್ಲಿ ಅನೇಕರಿಗೆ ಕೋಪ ಬಂದದ್ದು ಸಹಜವೇ.

2001ರಲ್ಲಿ ಹುಟ್ಟಿದ ಈ ಕೋಶವನ್ನು ಪಂಡಿತ ಮಂಡಲಿ ಬರೆಯುವುದಿಲ್ಲ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅಂದಮೇಲೆ ಜಗಳ ತಪ್ಪೀತೆ? ಹೋಮಿಯೋಪಥಿ, ಆಯುರ್ವೇದ ಮೊದಲಾದ ಪುಟಗಳಲ್ಲಿ ಒಬ್ಬರು ಬರೆದುದನ್ನು ಇನ್ನೊಬ್ಬರು ಅಳಿಸುವುದು, ಮೊದಲಿನವರು ಮತ್ತೆ ಬರೆಯುವುದು ವರ್ಷಗಟ್ಟಲೆ ನಡೆದಿದೆ. ಇಂಗ್ಲಿಷ್ ಕೋಶದಲ್ಲಿ ಒಬ್ಬನು ಒಂದು ಪುಟದಲ್ಲಿ 24 ಗಂಟೆಗಳೊಳಗೆ ಮೂರು ಸಲಕ್ಕಿಂತ ಹೆಚ್ಚು ಹಾಗೆ ಹಿಂದಿರುಗಿಸಬಾರದೆಂದು ನಿಯಮವೇ ಉಂಟು. ವಾದವೇನಿದ್ದರೂ ಪುಟದ ಬೆನ್ನಿಗಿರುವ 'ಚರ್ಚೆ'ಯಲ್ಲಿ ನಡೆಯಬೇಕು.

ನಮ್ಮ ದೇಶದ ಆಯುರ್ವೇದ ಔಷಧ ತಯಾರಕರ ಸಂಘವೊಂದು ಈ ಪುಟದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಅಕ್ಟೋಬರಿನಲ್ಲಿ ನ್ಯಾಯಾಲಯ ಅರ್ಜಿಯನ್ನು ಎತ್ತಿಕೊಳ್ಳಲಿಲ್ಲ. ನೀವೇ ಲೇಖನವನ್ನು ತಿದ್ದಬಹುದಲ್ಲ ಎಂದಿತು. ಹೇಳಿದಷ್ಟು ಸುಲಭವಲ್ಲ ಅದು! 'ನಮ್ಮ ಮನೆಯಲ್ಲಿ ಗುಣವಾಯಿತು' ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ವೈದ್ಯದ ವಿಷಯಕ್ಕೆ ಒಂದೆರಡು ಪ್ರಯೋಗಗಳೂ ಸಾಲವು; ಹಲವು ಪ್ರಯೋಗಗಳನ್ನು ತೂಗಿ ನೋಡಿದ ಸಮೀಕ್ಷೆಯನ್ನು ಕೇಳುತ್ತಾರೆ.

ನಮಗೂ ಮೊದಲು ಇದು ಅಹಂಕಾರವೆನಿಸಿತು. ನಮ್ಮ ದೊಡ್ಡಪ್ಪನವರ ಸಕ್ಕರೆ ಕಾಯಿಲೆ ಮೆಂತ್ಯದ ನೀರಿನಿಂದಲೇ ಹತೋಟಿಗೆ ಬಂದಿತೆಂದು ನಾವು ಹತ್ತು ಜನರ ಮುಂದೆ ಹೇಳಿದವರು. ಒಂದು ದಿನ ದೊಡ್ಡಮ್ಮ ನಕ್ಕುಬಿಟ್ಟರು: "ರಾತ್ರಿ ಮಾತ್ರೆ ನುಂಗುತ್ತಿದ್ದುದನ್ನು ನಿಮಗೆ ಹೇಳಲಿಲ್ಲವೇನಪ್ಪ?"

ಆದರೆ ನಮ್ಮ ಮೂಲಿಕೆಗಳೆಲ್ಲ ಹುಸಿಯೆಂದು ನಾವು ಹೇಳುತ್ತಿಲ್ಲ. ಇದೇ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ರಕ್ತದ ಒತ್ತಡದ ರೋಗಿಗಳಿಗೆ ಸರ್ಪಗಂಧವನ್ನು ಕೊಟ್ಟು, ಪರಿಣಾಮವನ್ನು ಅಳೆದು ಬರೆದಿಟ್ಟು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲಿನಲ್ಲಿ ಪ್ರಕಟಿಸಿದರು. ಮೂರೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ನಮ್ಮ ಬೇರಿಗೆ ಲೋಕದ ಮನ್ನಣೆ ದೊರೆತದ್ದು ಹೀಗೆ.

ಇನ್ನೊಂದು ಮುಖವೂ ಇದೆ. ಅಮೆರಿಕದ ಬಾಸ್ಟನ್ ಸುತ್ತಮುತ್ತ ದಕ್ಷಿಣ ಏಷ್ಯದ ಸರಕು ಮಾರುವ ಅಂಗಡಿಗಳಲ್ಲಿ 2003ರಲ್ಲಿ ಕೊಂಡ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ, 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತು. ಅಂಥ ಅಂಗಡಿಗೆ ಹೋಗುವವರು ಊರು ಬಿಟ್ಟ ನಮ್ಮಂಥವರೇ ಅಲ್ಲವೆ?

ನಮ್ಮ ನಿಜವಾದ ಚಿಂತೆ ಇಂಗ್ಲಿಷ್ ಪುಟದ್ದಲ್ಲ. ಅಲ್ಲಿ ಕಾವಲಿಗೆ ಬೇಕಾದಷ್ಟು ಜನರಿದ್ದಾರೆ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಬರೆಯುವ ಕೈಗಳು ಕಡಿಮೆ, ಪ್ರಶ್ನಿಸುವವರು ಇನ್ನೂ ಕಡಿಮೆ. ಯಾವುದೋ ಸೊಪ್ಪಿನಿಂದ ಮಧುಮೇಹ ವಾಸಿಯಾಗುತ್ತದೆಂದು ಯಾರಾದರೂ ಅಲ್ಲಿ ಬರೆದಿಟ್ಟರೆ, ಕೇಳುವವರಿಲ್ಲದೆ ಅದು ಉಳಿದುಬಿಡಬಹುದು. ಅದನ್ನು ನಂಬಿ ಮಾತ್ರೆ ನಿಲ್ಲಿಸುವವರು ಕನ್ನಡ ಮಾತ್ರ ಓದಬಲ್ಲ ನಮ್ಮ ತಾಯಂದಿರು.

ನಮ್ಮ ಸದಸ್ಯರಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ, ಔಷಧದಂಗಡಿ ಇಟ್ಟವರಿದ್ದಾರೆ. ಭಾನುವಾರ ಸಂಜೆ ಈ ವಾಚನಾಲಯದ ಕಂಪ್ಯೂಟರು ಬಿಡುವಾಗಿರುತ್ತದೆ. ಬನ್ನಿ, ದೊಡ್ಡಮ್ಮನವರನ್ನೂ ಕರೆತರುತ್ತೇವೆ.