ಮೊದಲ ಮಳೆ, ಮೊದಲ ಕಪ್ಪೆಯ ಕೂಗು

ಬೇಸಿಗೆಯ ಒಂದು ಸಂಜೆಯನ್ನು ನೆನಪಿಗೆ ತಂದುಕೊಳ್ಳಿ. ಪರೀಕ್ಷೆಗಳು ಮುಗಿದಿವೆ. ಹಗಲೆಲ್ಲ ಧಗೆ. ಸಂಜೆ ಮೋಡ ಕವಿದು, ಗುಡುಗಿ, ಒಂದು ಜೋರು ಮಳೆ ಸುರಿದು ನಿಂತಿದೆ. ಅಶ್ವಿನಿಯೋ ಭರಣಿಯೋ, ಅಂತೂ ವರ್ಷದ ಮೊದಲ ಮಳೆ. ಸ್ವಲ್ಪ ಹೊತ್ತಿನಲ್ಲೇ ರೆಕ್ಕೆಯ ಗೆದ್ದಲುಗಳು, ಅಂದರೆ ನಾವು ಮಳೆಹುಳು ಎನ್ನುವ ಹುಳುಗಳು, ನೆಲದಿಂದೆದ್ದು ದೀಪಕ್ಕೆ ಮುತ್ತುತ್ತವೆ. ಮನೆಯವರು ದೀಪ ಆರಿಸುತ್ತಾರೆ. ಆ ಕತ್ತಲಲ್ಲಿ ಹಿತ್ತಲಿನಿಂದ ಕೇಳುತ್ತದೆ: ವಟರ್, ವಟರ್. ನಿನ್ನೆಯವರೆಗೆ ಒಂದು ಕಪ್ಪೆಯೂ ಕಾಣದ ಜಾಗ ಅದು. ಇವೆಲ್ಲ ಎಲ್ಲಿಂದ ಬಂದವು?

ಅವು ಎಲ್ಲಿಂದಲೂ ಬರಲಿಲ್ಲ. ನಮ್ಮ ಕಾಲಡಿಯಲ್ಲೇ ಇದ್ದವು. ಕಪ್ಪೆಯ ಚರ್ಮ ತೆಳುವಾದುದು. ಅದರ ಮೂಲಕ ಅದು ಉಸಿರಾಡುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಅಂಥ ಚರ್ಮ ಒಣಗಿದರೆ ಜೀವ ಉಳಿಯದು. ಆದ್ದರಿಂದ ಬಿಸಿಲುಗಾಲದಲ್ಲಿ ಹಲವು ಜಾತಿಯ ಕಪ್ಪೆಗಳು ಮಣ್ಣಿನೊಳಗೆ, ಕಲ್ಲಿನಡಿ ಸೇರಿ, ದೇಹದ ಚಟುವಟಿಕೆಯನ್ನು ತಗ್ಗಿಸಿಕೊಂಡು ಮಲಗಿಬಿಡುತ್ತವೆ. ಇದೇ ಗ್ರೀಷ್ಮನಿದ್ರೆ. ಚಳಿ ದೇಶಗಳಲ್ಲಿ ಕಪ್ಪೆ ಹಿಮಗಾಲದಲ್ಲಿ ಮಲಗಿ ವಸಂತಕ್ಕೆ ಏಳುತ್ತದೆ. ನಮ್ಮಲ್ಲಿ ಅದನ್ನು ಎಬ್ಬಿಸುವುದು ಮಳೆ.

ಎದ್ದ ಕಪ್ಪೆಗೆ ಊಟ ಸಿದ್ಧವಾಗಿಯೇ ಇರುತ್ತದೆ. ನೆಲ ಮೆದುವಾದಾಗ ಮಾತ್ರ ಹೊಸ ಗೂಡು ತೋಡಲು ಸಾಧ್ಯವಾದ್ದರಿಂದ ಗೆದ್ದಲುಗಳೂ ಅದೇ ಮಳೆಗೆ ಕಾದಿರುತ್ತವೆ. ಎಲ್ಲವೂ ಒಟ್ಟಿಗೆ ಏಳುವುದರಿಂದ ಕಪ್ಪೆ, ಹಲ್ಲಿ, ಹಕ್ಕಿಗಳು ಎಷ್ಟು ತಿಂದರೂ ಕೆಲವಾದರೂ ಉಳಿದು ಹೊಸ ಸಂಸಾರ ಹೂಡುತ್ತವೆ.

ಇನ್ನು ಕೂಗು. ಹೀಗೆ ಗಟ್ಟಿಯಾಗಿ ಕೂಗುವುದು ಗಂಡು ಕಪ್ಪೆ, ಹೆಣ್ಣನ್ನು ಕರೆಯುವುದಕ್ಕಾಗಿ. ಅದು ಬಾಯಿ ತೆರೆಯದೆ, ಶ್ವಾಸಕೋಶದ ಗಾಳಿಯನ್ನು ಗಂಟಲ ಚೀಲಕ್ಕೆ ತುಂಬಿ ದನಿ ಹೊರಡಿಸುತ್ತದೆ. ಒಂದೊಂದು ಜಾತಿಗೂ ಒಂದೊಂದು ದನಿ. ಗೋಂಕುರು ಕಪ್ಪೆಯ ಗಂಡು ಈ ಕಾಲದಲ್ಲಿ ಹಳದಿ ಬಣ್ಣಕ್ಕೆ ತಿರುಗುತ್ತದೆ. ಅದರ ಗಂಟಲ ಚೀಲಗಳು ಕಡು ನೀಲಿ. ನೋಡಿದವರು ಮರೆಯುವುದಿಲ್ಲ.

ಅವುಗಳಿಗೆ ಇಷ್ಟೊಂದು ಆತುರವೇಕೆ? ಮಳೆನೀರಿನ ಗುಂಡಿಯಲ್ಲಿ ಮೊಟ್ಟೆಗಳನ್ನು ತಿನ್ನುವ ಮೀನುಗಳಿರುವುದಿಲ್ಲ, ಅದು ಅನುಕೂಲ. ಆದರೆ ನೀರು ಬೇಗ ಬತ್ತುತ್ತದೆ. ಮೊಟ್ಟೆ ಒಡೆದು, ಗೊದಮೊಟ್ಟೆ ಬೆಳೆದು, ಕಾಲು ಮೂಡಿ, ಬಾಲ ಕರಗಿ ದಡ ಸೇರುವಷ್ಟು ವಾರಗಳ ಕಾಲ ನೀರು ನಿಲ್ಲಬೇಕು. ನಾವು ಕೊಚ್ಚೆ ಎಂದು ಮೂಗು ಮುರಿಯುವ ಗುಂಡಿಯೇ ಅವುಗಳ ತೊಟ್ಟಿಲು.

ನನ್ನ ಬಾಲ್ಯದ ಮನೆಯ ಹಿಂದೆ ಅಂಥದೊಂದು ತಗ್ಗು ಇತ್ತು. ಮುಂದೆ ಅದಕ್ಕೆ ಮಣ್ಣು ತುಂಬಿ ಸೈಟು ಮಾಡಿದರು. ಆ ವರ್ಷವೂ ಮೊದಲ ಮಳೆಗೆ ಕಪ್ಪೆಗಳು ಬಂದವು. ತಗ್ಗು ಕಾಣದೆ, ರಸ್ತೆಯ ಹಳ್ಳವೊಂದರಲ್ಲಿ ಎರಡು ರಾತ್ರಿ ಕೂಗಿ ಮೊಟ್ಟೆಯಿಟ್ಟವು. ಐದನೆಯ ದಿನ ನೀರು ಆರಿತು. ಮೂರು ನಾಲ್ಕು ವರ್ಷಗಳಲ್ಲಿ ಆ ಬೀದಿಯ ಮಳೆ ಮೌನವಾಯಿತು. ಯಾರೂ ಅವನ್ನು ಕೊಲ್ಲಲಿಲ್ಲ. ಯಾರೂ ಗಮನಿಸಲಿಲ್ಲ, ಅಷ್ಟೆ.

ಒಂದು ಕಾಲದಲ್ಲಿ ನಮ್ಮ ದೇಶದಿಂದ ಕಪ್ಪೆಯ ಕಾಲುಗಳು ಹೊರದೇಶಗಳಿಗೆ ರಫ್ತಾಗುತ್ತಿದ್ದವು. ಗದ್ದೆಯ ಕೀಟಗಳನ್ನು ತಿನ್ನುವ ಕಪ್ಪೆಗಳೇ ಇಲ್ಲವಾದಾವೆಂಬ ಆತಂಕ ಬೆಳೆದು, 1987ರಲ್ಲಿ ಆ ರಫ್ತನ್ನು ನಿಷೇಧಿಸಲಾಯಿತು. ಆದರೂ ಅಪಾಯ ತಪ್ಪಿಲ್ಲ. 2023ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು 8,011 ಜಾತಿಯ ಉಭಯವಾಸಿಗಳನ್ನು ಪರಿಶೀಲಿಸಿ, ನೂರಕ್ಕೆ ಸುಮಾರು 41ರಷ್ಟು ಅಳಿವಿನ ಭೀತಿಯಲ್ಲಿವೆ ಎಂದು ತಿಳಿಸಿತು. ನೆಲೆಯ ನಾಶದ ಜೊತೆಗೆ ಹವಾಮಾನದ ಬದಲಾವಣೆಯೂ ಅದಕ್ಕೆ ಮುಖ್ಯ ಕಾರಣ.

ಹಾಗಾದರೆ ನೀವೇನು ಮಾಡಬಹುದು? ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದಲ್ಲಿ ರಾಬರ್ಟ್ ಮಾರ್ಷಮ್ ಎಂಬುವರು 1736ರಲ್ಲಿ ವಸಂತದ ಗುರುತುಗಳನ್ನು ಬರೆದಿಡತೊಡಗಿದರು. ಮೊದಲ ಹೂವು, ಮೊದಲ ಚಿಟ್ಟೆ, ಮೊದಲ ಕಪ್ಪೆಯ ಕೂಗು, ಹೀಗೆ. ಅವರ ನಂತರ ಮನೆಯವರು 1958ರವರೆಗೂ ಅದನ್ನು ಮುಂದುವರಿಸಿದರು. ಋತುಗಳು ಹೇಗೆ ಸರಿಯುತ್ತಿವೆ ಎಂದು ತಿಳಿಯಲು ವಿಜ್ಞಾನಿಗಳು ಆ ದಾಖಲೆಯನ್ನು ಬಳಸಿಕೊಂಡಿದ್ದಾರೆ. ಅದಕ್ಕೆ ಬೇಕಾದದ್ದು ಒಂದು ಪುಸ್ತಕ, ಒಂದು ಲೇಖನಿ ಮತ್ತು ತಾಳ್ಮೆ ಮಾತ್ರ.

ನಮ್ಮಲ್ಲೂ ಹೊಸದು ತಿಳಿಯಲು ಬಾಕಿ ಇದೆ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಗಂಡು ಕಪ್ಪೆಯೊಂದು ತನ್ನ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುತ್ತದೆ. ಗುರುರಾಜ ಕೆ.ವಿ. ಮತ್ತು ಸಂಗಡಿಗರು 2014ರಲ್ಲಿ ಅದನ್ನು ಹೊಸ ಪ್ರಭೇದವೆಂದು ಲೋಕಕ್ಕೆ ಪರಿಚಯಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಕುಂಬಾರ ಎಂಬ ನಮ್ಮ ಮಾತಿನಿಂದಲೇ ಬಂದದ್ದು.

ಆದ್ದರಿಂದ ಮಿತ್ರರೇ, ಮುಂದಿನ ಮೊದಲ ಮಳೆಯ ರಾತ್ರಿ ಹತ್ತು ನಿಮಿಷ ಹೊರಗೆ ನಿಲ್ಲಿ. ದಿನಾಂಕ, ಹೊತ್ತು, ಜಾಗ, ಕೇಳಿದ ದನಿ ಎಷ್ಟು ಬಗೆ ಎಂಬುದನ್ನು ಬರೆದಿಡಿ. ಮರುದಿನ ನೀರು ನಿಂತ ಜಾಗವನ್ನು ಹುಡುಕಿ, ಅದು ಎಷ್ಟು ದಿನ ಉಳಿಯಿತೆಂದು ನೋಡಿ. ಪ್ರತಿವರ್ಷವೂ ಹೀಗೆಯೇ ಮಾಡಿ. ಆ ಗುಂಡಿಗೆ ಯಾರಾದರೂ ಮಣ್ಣು ತುಂಬಲು ಬಂದ ದಿನ, ಅಲ್ಲಿ ಏನಿದೆ ಎಂದು ಹೇಳಬಲ್ಲವರು ಊರಿನಲ್ಲಿ ಒಬ್ಬರಾದರೂ ಇರುತ್ತಾರೆ.