ಗುಂಪು ತಾನಾಗಿ ಬೆರೆಯುವುದಿಲ್ಲ



ಮಕ್ಕಳನ್ನು ಚಾರಣಕ್ಕೋ ಪ್ರಕೃತಿ ಶಿಬಿರಕ್ಕೋ ಕರೆದೊಯ್ದರೆ ಜಾತಿ, ಭಾಷೆ, ಅಂತಸ್ತಿನ ಗೋಡೆಗಳೆಲ್ಲ ತಾವಾಗಿ ಬೀಳುತ್ತವೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಲ್ಲೇ ಮಂಗಳೂರಿನಲ್ಲಿ, ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣದ ಹತ್ತಿರ ಶಿಬಿರದ ಬಸ್ಸು ಹತ್ತುವ ಮಕ್ಕಳನ್ನು ನೋಡಿ. ತುಳುವಿನವರ ಪಕ್ಕ ತುಳುವಿನವರು, ಬ್ಯಾರಿಯವರ ಪಕ್ಕ ಬ್ಯಾರಿಯವರು, ಕೊಂಕಣಿಯವರ ಪಕ್ಕ ಕೊಂಕಣಿಯವರು. ಬಯಲುಸೀಮೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳೊಬ್ಬಳಿದ್ದರೆ ಅವಳು ಒಂಟಿ. ಪಿಲಿಕುಳ ನಿಸರ್ಗಧಾಮದಲ್ಲಿ ಇಳಿಯುವಾಗಲೂ ಅವೇ ಗುಂಪು, ಬುತ್ತಿ ಬಿಚ್ಚುವಾಗಲೂ ಅವೇ. ಬೆರೆಸುವ ಕೆಲಸ ಮುಂದೆ ನಿಂತು ಶಿಬಿರ ನಡೆಸುವವರದ್ದು.

1941ರಲ್ಲಿ ಶಿಕ್ಷಣತಜ್ಞ ಕುರ್ಟ್ ಹಾನ್ ಮತ್ತು ಸಂಗಡಿಗರು ವೇಲ್ಸ್‌ನ ಅಬರ್‌ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ತೆರೆದಾಗ ಹಡಗಿನ ಎಳೆಯ ನಾವಿಕರು, ಕಾರ್ಖಾನೆಯ ಹುಡುಗರು, ಶಾಲೆಯ ಹುಡುಗರು ಒಂದೇ ಕಡೆ ಕಲಿತರು. ಒಬ್ಬರ ನೆರವಿಲ್ಲದೆ ಇನ್ನೊಬ್ಬರಿಗೆ ಆಗದಂಥ ಕೆಲಸ ಅಲ್ಲಿತ್ತು.

ನಮ್ಮಲ್ಲಿ ಅಂಥ ಕೆಲಸಕ್ಕೆ ತಣ್ಣೀರುಬಾವಿ ಕಡಲತೀರವಿದೆ. ಸುಲ್ತಾನ್ ಬತ್ತೇರಿಯ ಎದುರು, ಫಲ್ಗುಣಿಯ ಆಚೆ ದಡ. ಅಲ್ಲಿಂದ ತೆಂಕಕ್ಕೆ ಬೆಂಗ್ರೆ. ಅದರ ತುದಿಯಲ್ಲಿ ನೇತ್ರಾವತಿ, ಫಲ್ಗುಣಿ ಎರಡೂ ಕೂಡಿ ಕಡಲು ಸೇರುವ ಅಳಿವೆ ಬಾಗಿಲು. ತರಗತಿಯಲ್ಲಿ ಬಾಯಿ ಬಿಡದ ಬೆಂಗ್ರೆಯ ಹುಡುಗ ಇಲ್ಲಿ ಮರಳಿನ ಮೇಲಿನ ಒದ್ದೆ ಗೆರೆ ನೋಡಿ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಬಲ್ಲ. ಫ್ಲ್ಯಾಟಿನ ಮಕ್ಕಳು ಅವನ ಬಳಿ ಬಂದು ಕೇಳಿ, ಅರ್ಧ ಗಂಟೆಗೊಮ್ಮೆ ಗೂಟ ನೆಟ್ಟು, ಉಬ್ಬರವನ್ನು ಬರೆದುಕೊಳ್ಳಲಿ. ಆದರೆ ನೀರಿಗಿಳಿಯುವ ಮಾತು ಬಂದರೆ ತೀರ್ಮಾನ ನಾಯಕರದ್ದೇ. ಅದನ್ನು ಯಾವ ಮಗುವಿನ ಹೆಗಲಿಗೂ ಹಾಕಬಾರದು, ಅವನು ಎಷ್ಟೇ ಬಲ್ಲವನಾಗಿರಲಿ.

ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಬೇಕಾದ ಸಂಗತಿಗಳಿವೆ: ಮೀನು ಯಾರಿಗಾಗದು, ಶುಕ್ರವಾರವಾದರೆ ನಮಾಜಿಗೆ ಬಿಡುವು ಎಲ್ಲಿ, ಹುಡುಗಿಯರಿಗೆ ಶೌಚಾಲಯ ಎಷ್ಟು ದೂರ. ಮುಟ್ಟಾದ ಹುಡುಗಿ ಇಡೀ ದಿನ ನೀರು ಕುಡಿಯದೆ ನಡೆದರೆ ಅದು ಶಿಕ್ಷಣವಲ್ಲ, ಶಿಕ್ಷೆ. ಕುಕ್ಕೆಯಿಂದ ಕುಮಾರ ಪರ್ವತದಂಥ ಏರು ಹತ್ತುವಾಗ ನಿಧಾನ ನಡೆಯುವವರನ್ನು ಮುಂದೆ ಬಿಡಿ, ಅನುಭವಿಯೊಬ್ಬರು ಕೊನೆಯಲ್ಲಿರಲಿ. 1,712 ಮೀಟರಿನ ತುದಿ ಮುಟ್ಟದಿದ್ದರೂ ನಷ್ಟವಿಲ್ಲ. ಅರ್ಧ ದಾರಿಯಿಂದ ಎಲ್ಲರೂ ಕೂಡಿ ಇಳಿದು ಬರಬಹುದು.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಬೆಂಗ್ರೆಯ ಹುಡುಗನನ್ನು ದಿನವೂ ನೀರಿನ ಲೆಕ್ಕಕ್ಕೇ ನಿಲ್ಲಿಸಿದರೆ, ಬಯಲುಸೀಮೆಯ ಹುಡುಗಿಗೆ ದಿನವೂ ಮೂರು ಕಲ್ಲಿಟ್ಟು ಒಲೆ ಹೂಡುವ ಕೆಲಸವನ್ನೇ ಹೇಳಿದರೆ, ಅವರು ಮನೆಯಿಂದ ಹೊತ್ತು ತಂದದ್ದನ್ನೇ ನಾವು ಮತ್ತೆ ಹೊರಿಸಿದಂತೆ. ಮೊದಲ ದಿನ ಅವರಿಗೆ ಮರ್ಯಾದೆ ತಂದ ಕೆಲಸವೇ ಮೂರನೇ ದಿನಕ್ಕೆ ಹಣೆಪಟ್ಟಿಯಾಗುತ್ತದೆ. ಪಿಲಿಕುಳಕ್ಕೆ ಹೋದ ದಿನ ನಕಾಶೆಯನ್ನು ಆ ಹುಡುಗಿಯ ಕೈಗೆ ಕೊಡಿ, ದಾರಿ ತಪ್ಪಿದರೂ ಅವಳೇ ಸರಿಪಡಿಸಲಿ. ಬೆಂಗ್ರೆಯವನು ಸಂಜೆಯ ಸಭೆ ನಡೆಸಲಿ. ಪಾತ್ರೆ ತೊಳೆಯಲು ಫ್ಲ್ಯಾಟಿನ ಮಕ್ಕಳನ್ನು ಕೂರಿಸಿ, ಅವರ ಪಕ್ಕದಲ್ಲಿ ಬೂದಿ ಹಿಡಿದು ನೀವೂ ಕುಳಿತುಕೊಳ್ಳಿ.