ತುರುಗೋಳಿನ ನಾಡಿನಲ್ಲಿ ಶಾಲೆ



ಹಳ್ಳಿಯ ಶಾಲೆಗಳಿಗಾಗಿ ಆಯುಷ್ಯ ಸವೆಸಿದ ಹಿರಿಯರೊಬ್ಬರ ನೆನಪಿನ ದತ್ತಿ ಉಪನ್ಯಾಸ ಇದು. ಇಂದು ನಾನು ಮಾತಾಡಬೇಕೆಂದಿರುವ ಹಳ್ಳಿಗಳು ಕೆನ್ಯಾ ಮತ್ತು ಉಗಾಂಡಾ ದೇಶಗಳಲ್ಲಿವೆ. ಆದರೂ ತುರುಗೋಳು ಎಂದರೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಊರ ಹೊರಗೆ ನಿಂತ ವೀರಗಲ್ಲುಗಳಲ್ಲಿ ದನ ಬಿಡಿಸಿಕೊಂಡು ಬರಲು ಹೋಗಿ ಮಡಿದವರವು ಎಷ್ಟೋ ಇವೆ. ಕೆಲವು ಶಾಸನಗಳಲ್ಲಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಟ್ಟ ಮಾತೂ ಬರುತ್ತದೆ. ದನ ಹೋದರೆ ಮನೆ ಉಳಿಯುವುದು ಕಷ್ಟ ಎಂಬ ತಿಳಿವಳಿಕೆ ಆ ಕಾಲದವರಿಗಿತ್ತು.

ಕೆನ್ಯಾದ ಉತ್ತರ ಭಾಗದಲ್ಲಿ ತುರ್ಕಾನಾ, ಪೊಕೊಟ್, ಸಂಬುರು, ಮರಕ್ವೆಟ್ ಜನರ ನಾಡುಗಳಿವೆ. ಗಡಿಯಾಚೆ ಉಗಾಂಡಾದ ಕರಮೋಜ. ಮಳೆ ನಂಬುವಂತಿಲ್ಲದ ಸೀಮೆ. ಆಡು, ಕುರಿ, ದನ, ಒಂಟೆಗಳೇ ಅಲ್ಲಿನವರ ಆಸ್ತಿ. ಬರ ಬಂದಾಗ ಹುಲ್ಲು ನೀರಿಗಾಗಿ, ಮದುವೆಯ ತೆರಕ್ಕಾಗಿ ಒಬ್ಬರ ದನವನ್ನು ಇನ್ನೊಬ್ಬರು ಹೊಡೆದುಕೊಂಡು ಹೋಗುವುದು ಹಿಂದಿನಿಂದಲೂ ಇತ್ತು. ಆಗ ಕೈಯಲ್ಲಿದ್ದದ್ದು ಈಟಿ. 1979ರಲ್ಲಿ ಉಗಾಂಡಾದಲ್ಲಿ ಇದಿ ಅಮೀನನ ಆಳ್ವಿಕೆ ಕುಸಿದಾಗ ಕರಮೋಜದ ಮೊರೊಟೊ ಪಟ್ಟಣದ ಸೇನಾ ಠಾಣೆಯ ಶಸ್ತ್ರಾಗಾರ ಲೂಟಿಯಾಗಿ ಬಂದೂಕುಗಳು ಹಟ್ಟಿಹಟ್ಟಿಗೆ ಹರಡಿದವು. ಕದ್ದ ದನ ಲಾರಿ ಹತ್ತಿ ದೂರದ ಮಾಂಸದ ಮಾರುಕಟ್ಟೆ ಸೇರುವ ವ್ಯಾಪಾರ ಆಮೇಲೆ ಬೆಳೆಯಿತು. ಇದನ್ನು ಸಂಪ್ರದಾಯ ಎಂದು ಕರೆದು ಸುಮ್ಮನಾಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

2005ರ ಜುಲೈ 12ರ ಬೆಳಗ್ಗೆ ಉತ್ತರ ಕೆನ್ಯಾದ ಮಾರ್ಸಬಿಟ್ ಸೀಮೆಯ ತುರ್ಬಿ ಎಂಬ ಊರಿನ ಮೇಲೆ ಬಂದೂಕುಧಾರಿಗಳು ಬಿದ್ದರು. ಅಲ್ಲಿನ ಗಬ್ರಾ ಮತ್ತು ಬೋರಾನ ಜನರ ನಡುವೆ ದನ, ನೀರು, ನೆಲದ ಹಗೆ ಹಿಂದಿನಿಂದಲೂ ಹೊಗೆಯಾಡುತ್ತಿತ್ತು. ಅದು ಮಕ್ಕಳು ಶಾಲೆಗೆ ಸೇರುವ ಹೊತ್ತು. ಸತ್ತವರಲ್ಲಿ 20ಕ್ಕೂ ಹೆಚ್ಚು ಮಕ್ಕಳಿದ್ದರು. 2022ರ ಫೆಬ್ರವರಿಯಲ್ಲಿ ಕೆರಿಯೋ ಕಣಿವೆಯಲ್ಲಿ ಶಾಲೆಯ ಬಸ್ಸಿನ ಮೇಲೆ ಗುಂಡು ಹಾರಿತು, ಚಾಲಕ ತೀರಿಕೊಂಡ.

ಇಂಥವು ಸುದ್ದಿಯಾಗುತ್ತವೆ. ಸುದ್ದಿಯಾಗದ ಹಾನಿ ಇದಕ್ಕಿಂತ ದೊಡ್ಡದು, ಅದು ಮನೆಯೊಳಗೆ ನಡೆಯುತ್ತದೆ ಎಂಬುದು ನನ್ನ ವಾದ.

ಕೆನ್ಯಾದಲ್ಲಿ 2003ರಿಂದ ಪ್ರಾಥಮಿಕ ಶಿಕ್ಷಣ ಉಚಿತ. ಆದರೆ ಸಮವಸ್ತ್ರ, ಪುಸ್ತಕ, ಮುಂದೆ ಪ್ರೌಢಶಾಲೆಯ ಹಾಸ್ಟೆಲ್ಲಿನ ದುಡ್ಡು ಎಲ್ಲಿಂದ ಬರಬೇಕು? ಬಾರಿಂಗೊದ ಕಿಮಾಲೆಲ್‌ನಲ್ಲಿ ಡಿಸೆಂಬರ್ ತಿಂಗಳಲ್ಲಿ ಆಡುಗಳ ದೊಡ್ಡ ಹರಾಜು ನಡೆಯುತ್ತದೆ. ಜನವರಿಯಲ್ಲಿ ಹೊಸ ತರಗತಿ ಶುರು. ಅಪ್ಪ ನಾಲ್ಕು ಆಡು ಮಾರಿ ಮಗಳ ಫೀಸು ಕಟ್ಟುತ್ತಾನೆ. ಆ ಮನೆಯಲ್ಲಿ ಮಕ್ಕಳಿಗೆ ಕೆಲಸ ಮೊದಲೇ ಹಂಚಿಕೆಯಾಗಿರುತ್ತದೆ: ಒಬ್ಬ ಹಿಂಡಿನ ಹಿಂದೆ, ಇನ್ನೊಬ್ಬಳು ಶಾಲೆಗೆ, ಚಿಕ್ಕವ ದೊಡ್ಡಿಯಲ್ಲಿ ಮರಿಗಳ ಜೊತೆ. ಬರ ಒಬ್ಬನ ಪಾಲನ್ನು ಕೆಡಿಸಿದರೆ ಓದು ಇನ್ನೊಬ್ಬಳ ಪಾಲನ್ನು ಉಳಿಸೀತು ಎಂಬ ಲೆಕ್ಕಾಚಾರ ಅದು. ಶಾಲೆಯ ಬೆಲೆ ತಿಳಿಯದವರು ಇಂಥ ಲೆಕ್ಕ ಹಾಕುವುದಿಲ್ಲ.

ಒಂದು ರಾತ್ರಿಯ ಸೂರೆಯಲ್ಲಿ ಈ ಹಂಚಿಕೆ ಪೂರ್ತಿ ಮುರಿದುಬೀಳುತ್ತದೆ. ಮಾರಲು ಆಡಿಲ್ಲ. ಉಳಿದ ಐದಾರು ಪ್ರಾಣಿಗಳನ್ನು ಕಾಯಲು ಮೊದಲಿಗಿಂತ ಹೆಚ್ಚು ಕಣ್ಣು ಬೇಕು. ಹುಡುಗನ ಕೈಗೆ ಬಂದೂಕು ಬರುತ್ತದೆ. ಕಳೆದುಕೊಂಡದ್ದನ್ನು ತರಲು ಹೋಗುವವರ ಜೊತೆ ಅವನೂ ಹೊರಡುತ್ತಾನೆ. ಹುಡುಗಿಯ ಗತಿ ಇನ್ನೂ ಕಠಿಣ. ಅವಳ ಮದುವೆಯಿಂದ ಬರುವ ತೆರದ ದನಗಳು ಬರಿದಾದ ದೊಡ್ಡಿಯನ್ನು ತುಂಬಬಲ್ಲವು. ಆರನೇ ತರಗತಿಯಲ್ಲಿದ್ದವಳು ಮುಂದಿನ ಮಳೆಗಾಲಕ್ಕೆ ಯಾರದೋ ಮನೆಯ ಸೊಸೆ. ಹಾಜರಿ ಪುಸ್ತಕದಲ್ಲಿ ಇದೆಲ್ಲ ಬರುವುದು ಬರೀ ‘ಗೈರು’ ಎಂದು.

ಊರಿಗೆ ಊರೇ ಗುಳೆ ಎದ್ದಾಗ ಶಾಲೆಯ ಕಟ್ಟಡವೇ ನಿರಾಶ್ರಿತರ ತಂಗುದಾಣ. ಬೇರೆ ಸೀಮೆಯಿಂದ ಬಂದ ಮೇಷ್ಟ್ರು ವರ್ಗ ಮಾಡಿಸಿಕೊಂಡು ಹೋಗುತ್ತಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ವಸತಿ ಶಾಲೆ ಕಟ್ಟಿ ಮಕ್ಕಳನ್ನು ಗೋಡೆಯೊಳಗೆ ಇಡುವ ದಾರಿಯನ್ನು ಕೆನ್ಯಾ 1970ರ ದಶಕದಿಂದ ಹಿಡಿದಿದೆ. ಕೆಲವರಿಗೆ, ಮುಖ್ಯವಾಗಿ ಹುಡುಗಿಯರಿಗೆ, ಅದು ಜೀವ ಉಳಿಸಿದ ಆಸರೆ. ಆದರೆ ಎಲ್ಲ ಮಕ್ಕಳೂ ಹಟ್ಟಿ ಬಿಟ್ಟು ಬಂದರೆ ಹಿಂಡು ಕಾಯುವವರು ಯಾರು ಎಂಬ ಅಪ್ಪ-ಅಮ್ಮಂದಿರ ಪ್ರಶ್ನೆಗೆ ಗೋಡೆಯ ಬಳಿ ಉತ್ತರವಿಲ್ಲ.

ಆ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡದ್ದು ಕರಮೋಜ. ಅಲ್ಲಿ ಓದುಬರಹದ ಮೇಲೆ ಹಳೆಯ ಮುನಿಸೂ ಇತ್ತು. ವಸಾಹತು ಆಳ್ವಿಕೆಯಲ್ಲಿ ಯುವಕರ ಹೆಸರು ಬರೆದು ಸೈನ್ಯಕ್ಕೆ ಎಳೆದೊಯ್ದ ಲೇಖನಿಯನ್ನು ಅಲ್ಲಿನ ಹಿರಿಯರು ಶಪಿಸಿ ಮಣ್ಣಲ್ಲಿ ಹೂತಿದ್ದರಂತೆ. 1995ರಲ್ಲಿ ವಿಧಿಪೂರ್ವಕವಾಗಿ ಆ ಶಾಪ ತೆಗೆದರು. 1998ರಲ್ಲಿ ಅಲ್ಲಿ ‘ಅಬೆಕ್’ ಎಂಬ ಪರ್ಯಾಯ ಶಿಕ್ಷಣ ಶುರುವಾಯಿತು. ಹಟ್ಟಿಯ ಪಕ್ಕದ ಮರವೇ ಶಾಲೆ. ದನ ಹೊರಡುವ ಮುನ್ನ ಬೆಳಗಿನ ಪಾಠ, ಹಿಂದಿರುಗಿದ ಮೇಲೆ ಸಂಜೆಯ ಪಾಠ. ಕಲಿಸುವವರು ಅದೇ ಸಮುದಾಯದವರು, ಕಲಿಸುವುದು ಅವರದೇ ಭಾಷೆಯಲ್ಲಿ. ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ಹುಡುಗಿಗೂ ಅಲ್ಲಿ ಜಾಗ. ಪಾಠದಲ್ಲಿ ಅಕ್ಷರದ ಜೊತೆಗೆ ದನದ ರೋಗವೂ ಉಂಟು, ಶಾಂತಿಯ ಮಾತೂ ಉಂಟು.

ತೊಡಕು ಬರುವುದು ಆಮೇಲೆ. ಮೇಲಿನ ತರಗತಿಗೆ ಹೋಗಲು ಮಗು ಮಾಮೂಲಿ ಶಾಲೆಗೇ ನಡೆಯಬೇಕು. ಆ ದಾರಿ ದೂರ, ಅಪಾಯದ್ದು. ಇತ್ತ ಕೆನ್ಯಾದಲ್ಲಿ ಆ ಅಪಾಯವನ್ನೇ ತಗ್ಗಿಸಲು ಹೊರಟವರಿದ್ದಾರೆ. ಪೊಕೊಟ್ ಸೀಮೆಯ ಹೆಸರಾಂತ ಓಟಗಾರ್ತಿ, 1994ರ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದ ತೆಗ್ಲಾ ಲೊರುಪೆ, ಬಂದೂಕು ಹಿಡಿದ ಯುವಕರನ್ನೇ ಶಾಂತಿಯ ಓಟಕ್ಕೆ ಕರೆತಂದರು, ಮಕ್ಕಳಿಗೆ ಶಾಲೆ ಕಟ್ಟಿದರು. 2023ರಲ್ಲಿ ಕೆನ್ಯಾ ಸರ್ಕಾರ ಸೂರೆ ತಡೆಯಲು ಸೈನ್ಯವನ್ನೇ ಕಳಿಸಿತು. ಸೈನ್ಯ ದನ ಹುಡುಕಬಹುದು. ಆದರೆ ದನ ಸಿಗುವವರೆಗೆ ಶಾಲೆಯ ವರ್ಷ ಕಾಯುವುದಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು. ಸೂರೆಯಾದ ಮನೆಗೆ ಜನವರಿಯೊಳಗೆ ಒಂದಿಷ್ಟು ಆಡುಗಳನ್ನು ಕೊಡುವ ವೆಚ್ಚ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಬರಲಿ. ಕಳುವಾದ ದನಗಳ ಪಟ್ಟಿ ಪೊಲೀಸರ ಬಳಿ ಇರುವಂತೆ, ಆ ಮನೆಗಳ ಮಕ್ಕಳ ಪಟ್ಟಿ ಮುಖ್ಯೋಪಾಧ್ಯಾಯರ ಬಳಿ ಅದೇ ವಾರ ಸಿದ್ಧವಾಗಲಿ. ಆರನೇ ತರಗತಿಯ ಆ ಹುಡುಗಿಯ ಮದುವೆಯ ಮಾತುಕತೆ ಶುರುವಾಗುವ ಮೊದಲೇ ಯಾರಾದರೂ ಅವಳ ಮನೆಯ ಬಾಗಿಲಿಗೆ ಹೋಗಬೇಕು.